ಮನೆತನದ ಹೆಸರಿನಲ್ಲಿ ಹಪ್ಪಳದ ಅಂಗಡಿ: ನಗರಸಭೆಯ ಪರವಾನಗಿ ಸಿಕ್ಕರೆ ಹೆಸರು ನಮ್ಮದಾಗುತ್ತದೆಯೇ?

ಹಲಸಿನಮರ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಹುಲೇಕಲ್ ಕಡೆಯ ಹಳ್ಳಿ. ಊರಿನಲ್ಲಿ ನಮ್ಮ ಮನೆಗೆ ಕೆಳಗಿನಮನೆ ಎಂದೇ ಹೆಸರು. ಅತ್ತೆಯವರ ಹಲಸಿನ ಹಪ್ಪಳ ಸುತ್ತಮುತ್ತಲಿನವರಿಗೆಲ್ಲ ಗೊತ್ತು. ಬೆಂಗಳೂರಿನ ನೆಂಟರು ಮಾರಿಕಾಂಬಾ ಜಾತ್ರೆಗೆ ಬಂದರೆ ಹೊರಡುವ ಮುಂಚೆ ಕೆಳಗಿನಮನೆ ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡೇ ಹೋಗುತ್ತಾರೆ. ಇಷ್ಟು ವರ್ಷ ಮನೆಯ ಜಗಲಿಯಲ್ಲೇ ವ್ಯಾಪಾರ ನಡೆಯುತ್ತಿತ್ತು. ಈಗ ಶಿರಸಿಯ ಯಲ್ಲಾಪುರ ನಾಕಾ ಹತ್ತಿರ ಒಂದು ಸಣ್ಣ ಮಳಿಗೆಯನ್ನು ಬಾಡಿಗೆಗೆ ನೋಡಿದ್ದೇವೆ. ತಯಾರಿಕೆ ಹಳ್ಳಿಯ ಮನೆಯಲ್ಲಿ, ಮಾರಾಟ ಪೇಟೆಯಲ್ಲಿ. ‘ಕೆಳಗಿನಮನೆ ಗೃಹೋದ್ಯಮ’ ಎಂದು ಹೆಸರಿಡಬೇಕೆಂಬ ಆಸೆ.

ಕಾಗದಪತ್ರ ಮಾಡಿಸಿಕೊಡುವ ಒಬ್ಬರು 15,000 ರೂಪಾಯಿ ಕೇಳಿದ್ದಾರೆ. ನಗರಸಭೆಯಲ್ಲಿ ಹೆಸರು ನೋಂದಣಿಯಾದರೆ ಜಿಲ್ಲೆಯಲ್ಲಿ ಬೇರೆ ಯಾರೂ ಆ ಹೆಸರು ಇಟ್ಟುಕೊಳ್ಳುವಂತಿಲ್ಲ ಎಂಬುದು ಅವರ ಮಾತು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಏಕೆಂದರೆ ನನ್ನ ಯಜಮಾನರ ಚಿಕ್ಕಪ್ಪನ ಮಗ, ನನಗೆ ಭಾವ, ಹಿಸ್ಸೆಯಾದ ಮೇಲೆ ಕುಮಟೆಗೆ ಹೋಗಿ ನೆಲೆಸಿದವರು. ಅಲ್ಲಿ ‘ಕೆಳಗಿನಮನೆ ಸ್ಟೋರ್ಸ್’ ಎಂಬ ಅಂಗಡಿ ನಡೆಸುತ್ತಿದ್ದಾರೆ. ಮುರುಗಲು, ಕಾಳುಮೆಣಸು, ತೆಂಗಿನೆಣ್ಣೆ ಮಾರುತ್ತಿದ್ದರು. ಇತ್ತೀಚೆಗೆ ಬೇರೆ ಕಡೆಯಿಂದ ತರಿಸಿದ ಹಪ್ಪಳವನ್ನೂ ಇಟ್ಟಿದ್ದಾರೆ. ಅದನ್ನು ಕೊಂಡವರೊಬ್ಬರು ನಮ್ಮ ಅತ್ತೆಗೆ ಫೋನ್ ಮಾಡಿ, “ಈ ಸಲದ ಹಪ್ಪಳ ಅರಳುವುದೇ ಇಲ್ಲವಲ್ಲ, ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗುತ್ತದೆ” ಎಂದರು. ಅತ್ತೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾವನೊಂದಿಗೆ ಜಗಳ ನಮಗೆ ಬೇಡ. ಆ ಹೆಸರು ಅವರ ತಂದೆಯದೂ ಹೌದು. ಆದರೆ ಅತ್ತೆಯ ಕೈಗೆ ಬಂದ ಹೆಸರು ಕೆಡುವುದನ್ನೂ ನೋಡುತ್ತ ಕೂರಲಾರೆ. ಆ 15,000 ಕೊಡಬೇಕೇ? ನಗರಸಭೆಯ ಕಾಗದದಿಂದ ಹೆಸರು ನಿಜವಾಗಿ ಉಳಿಯುತ್ತದೆಯೇ? ತಿಳಿದವರು ಹೇಳಿ.

ಬೇಲೇಕೇರಿ (ಅಂಕೋಲಾ)

ತಂಗೀ, ಸ್ಥಳೀಯ ಸಂಸ್ಥೆಗಳಲ್ಲಿ ದುಡಿದು ನಿವೃತ್ತನಾದವನು ನಾನು. ಪರವಾನಗಿ ಅರ್ಜಿಗಳನ್ನು ಕೈಯಾರೆ ನೋಡಿದ್ದೇನೆ. ಮೊದಲ ಮಾತು: ಆ ಹಣ ಕೊಡಬೇಡಿ.

ನಗರಸಭೆ ಕೊಡುವುದು ಉದ್ದಿಮೆ ಪರವಾನಗಿ. 1964ರ ಪುರಸಭೆಗಳ ಕಾಯ್ದೆಯಡಿ, ಇಂತಹ ಜಾಗದಲ್ಲಿ ಇಂತಹ ವ್ಯಾಪಾರ ಮಾಡಬಹುದು ಎಂದು ಕೊಡುವ ಅನುಮತಿ ಅದು. ಜಾಗ ಯೋಗ್ಯವಾಗಿದೆಯೇ, ಚರಂಡಿ, ನೀರು, ಹೊಗೆಯಿಂದ ಅಕ್ಕಪಕ್ಕದವರಿಗೆ ತೊಂದರೆಯಿದೆಯೇ, ಕಟ್ಟಡದ ತೆರಿಗೆ ಬಾಕಿಯಿದೆಯೇ, ಇಷ್ಟನ್ನು ಕಚೇರಿ ನೋಡುತ್ತದೆ. ಅರ್ಜಿಯಲ್ಲಿ ‘ಉದ್ದಿಮೆಯ ಹೆಸರು’ ಎಂಬ ಒಂದು ಸಾಲು ಇರುತ್ತದೆ, ನಿಜ. ಅಲ್ಲಿ ನೀವು ಬರೆದುಕೊಟ್ಟದ್ದನ್ನು ಹಾಗೆಯೇ ಪರವಾನಗಿಯ ಮೇಲೆ ಅಚ್ಚು ಹಾಕುತ್ತಾರೆ. ಕುಮಟಾ ಪುರಸಭೆಯಲ್ಲಿ ಅದೇ ಹೆಸರು ಇದೆಯೇ ಎಂದು ಶಿರಸಿ ನಗರಸಭೆಯವರು ಹುಡುಕುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಆದ್ದರಿಂದ ನಿಮ್ಮ ಭಾವನಿಗೆ ಅಲ್ಲಿ, ನಿಮಗೆ ಇಲ್ಲಿ, ಒಂದೇ ಹೆಸರಿನಲ್ಲಿ ಪರವಾನಗಿ ಸಿಗಬಹುದು. ಎರಡೂ ಸಿಂಧು.

ನಿಮ್ಮ ವಿಷಯದಲ್ಲಿ ಎರಡು ಕಚೇರಿಗಳು ಬರುತ್ತವೆ ಎಂಬುದನ್ನು ಆ ಮನುಷ್ಯ ಹೇಳಿದಂತಿಲ್ಲ. ಮಳಿಗೆ ಶಿರಸಿ ಪೇಟೆಯಲ್ಲಿ, ಅದಕ್ಕೆ ನಗರಸಭೆ. ಹಪ್ಪಳ ಮಾಡುವ ಮನೆ ಹಳ್ಳಿಯಲ್ಲಿ, ಅದಕ್ಕೆ ನಿಮ್ಮ ಗ್ರಾಮ ಪಂಚಾಯಿತಿ. ಪಂಚಾಯಿತಿಯ ಪರವಾನಗಿಯ ಬಗ್ಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ನೇರವಾಗಿ ಕೇಳಿ. ಮನೆಯ ಇ-ಸ್ವತ್ತು ಕಾಗದ, ಮನೆ ತೆರಿಗೆ ರಸೀದಿ ಹಿಡಿದುಕೊಂಡು ಹೋಗಿ. ನಗರಸಭೆಗೆ ಬಾಡಿಗೆ ಕರಾರು, ಮಾಲೀಕರ ಆಸ್ತಿ ತೆರಿಗೆ ರಸೀದಿ, ನಿಮ್ಮ ಗುರುತಿನ ಚೀಟಿ, ಫೋಟೊ ಬೇಕಾಗುತ್ತವೆ. ಪರವಾನಗಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಫೆಬ್ರುವರಿಯಲ್ಲಿ ಮಾಡಿಸಿದರೆ ಬೇಗನೆ ನವೀಕರಣ ಬರುತ್ತದೆ, ಮಳಿಗೆ ಯಾವಾಗ ತೆರೆಯುತ್ತೀರಿ ಎಂಬುದನ್ನು ಅದರಂತೆ ಯೋಚಿಸಿ.

ಇನ್ನು, ಅಂಗಡಿ ತೆರೆದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದನ್ನು ಕೇಳುತ್ತದೆ. ಅದು 5 ವರ್ಷಕ್ಕೆ. ಅದರಲ್ಲೂ ಸಂಸ್ಥೆಯ ಹೆಸರು ಇರುತ್ತದೆ, ಆದರೆ ಹೆಸರಿನ ಒಡೆತನ ಅದರಿಂದಲೂ ಬರುವುದಿಲ್ಲ.

ಕಾಳಿನದಿ

ಅಕ್ಕಾ, ಹೆಸರನ್ನೇ ಬದಲಿಸಿಬಿಡಿ. ಅತ್ತೆಯವರ ಹೆಸರಿಡಿ, ಇಲ್ಲವಾದರೆ ಊರಿನ ಹೆಸರಿಡಿ. ದಾಯಾದಿಗಳ ನಡುವೆ ಹೆಸರಿಗಾಗಿ ಕೋರ್ಟು ಹತ್ತಿದ ಮನೆಗಳಲ್ಲಿ ಮದುವೆ, ಶ್ರಾದ್ಧಕ್ಕೂ ಹೋಗಿಬರುವುದು ನಿಂತಿದೆ. ನಮ್ಮ ಕಾರವಾರದಲ್ಲೇ ನೋಡಿದ್ದೇನೆ.

ಅಚ್ಚುಮೊಳೆ (ಕುಮಟಾ)

ಕಾಳಿನದಿಯವರ ಮಾತಿನ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಒಬ್ಬ ಹೆಂಗಸು ಹತ್ತಾರು ಮಳೆಗಾಲ ಒಲೆಯ ಮುಂದೆ ಕುಳಿತು ಗಳಿಸಿದ ಹೆಸರನ್ನು, ಬೇರೆ ಯಾರೋ ಬೋರ್ಡಿಗೆ ಹಾಕಿಕೊಂಡರು ಎಂದು ಬಿಟ್ಟುಕೊಡಬೇಕೇ? ಬೇಡ.

ನಾನು ಕುಮಟೆಯಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡಿದ್ದೇನೆ. ಘಟ್ಟದ ಮೇಲಿನವರ ಹಪ್ಪಳ, ತೊಡೆದೇವು, ಕೆಳಗಿನವರ ಕೋಕಂ, ಒಣಮೀನು, ಇವುಗಳ ಲೇಬಲ್ ಅಚ್ಚು ಹಾಕುವುದೇ ನನ್ನ ಅರ್ಧ ವ್ಯಾಪಾರ. ಹೆಸರಿನ ತೊಡಕುಗಳು ಎಲ್ಲರಿಗಿಂತ ಮುಂಚೆ ನನ್ನ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಒಂದು ಉದಾಹರಣೆ ಹೇಳುತ್ತೇನೆ. ಗೃಹೋದ್ಯಮ ನಡೆಸುವ ದಂಪತಿ ಲೇಬಲ್ ಮಾಡಿಸಲು ಬಂದರು. ಕಾಗದಗಳನ್ನೆಲ್ಲ ಹರಡಿ ನೋಡಿದೆ. ಪಂಚಾಯಿತಿ ಪರವಾನಗಿಯಲ್ಲಿ ‘ಗೃಹ ಉದ್ಯೋಗ’, ಆಹಾರ ಸುರಕ್ಷತಾ ನೋಂದಣಿಯಲ್ಲಿ ‘ಹೋಮ್ ಪ್ರಾಡಕ್ಟ್ಸ್’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಮಾತ್ರ, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಕಾಗುಣಿತ ಬೇರೆಯೇ. ನಾಲ್ಕು ಕಾಗದ, ನಾಲ್ಕು ಹೆಸರು. ಅವರ ಗಿರಾಕಿಯೊಬ್ಬರು ಸಂಸ್ಥೆಯ ಹೆಸರಿಗೆ ಬರೆದ ಚೆಕ್ಕನ್ನು ಬ್ಯಾಂಕಿನವರು ಜಮಾ ಮಾಡಿಕೊಂಡಿರಲಿಲ್ಲ. ನಾಳೆ ಯಾರಾದರೂ ಅವರ ಹೆಸರನ್ನು ಕದ್ದರೆ, ‘ಇದು ನಮ್ಮದು’ ಎಂದು ಯಾವ ಕಾಗದ ತೋರಿಸುತ್ತಾರೆ?

ಆದ್ದರಿಂದ ತಂಗೀ, ಯಾವ ಕಚೇರಿಗೂ ಹೋಗುವ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಬರೆಯಿರಿ. ‘ಕೆಳಗಿನಮನೆ’ ಒಂದೇ ಪದವೋ, ಬಿಡಿಸಿ ಬರೆದದ್ದೋ? ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಯಾವುದು? ‘ಗೃಹೋದ್ಯಮ’ ಸೇರಬೇಕೋ ಬೇಡವೋ? ಮನೆಯವರೆಲ್ಲ ಕುಳಿತು ತೀರ್ಮಾನಿಸಿ. ಆಮೇಲೆ ಎಲ್ಲ ಅರ್ಜಿಗೂ ಆ ಹಾಳೆಯನ್ನು ನೋಡಿಯೇ ತುಂಬಿಸಿ. ಸೈಬರ್ ಕೆಫೆಯ ಹುಡುಗ ಬಾಯಿಂದ ಕೇಳಿ ಟೈಪ್ ಮಾಡಲು ಬಿಡಬೇಡಿ. ನನ್ನಲ್ಲಿಗೆ ಬರುವ ಪ್ರತಿಯೊಬ್ಬರಿಂದಲೂ ನಾನು ಆ ಹಾಳೆಗೆ ಸಹಿ ಹಾಕಿಸಿಕೊಂಡೇ ಕೆಲಸ ಶುರು ಮಾಡುತ್ತೇನೆ.

ಎರಡನೆಯದು ಹಳೆಯ ಪುರಾವೆ. ಅತ್ತೆಯವರು ಈ ಹೆಸರಿನಲ್ಲಿ ಎಂದಿನಿಂದ ಮಾರುತ್ತಿದ್ದಾರೆ ಎಂಬುದಕ್ಕೆ ಏನೇನಿದೆ? ಹಳೆಯ ರಸೀದಿ ಪುಸ್ತಕ, ಕೊರಿಯರ್ ಚೀಟಿ, ಹಲಸಿನ ಮೇಳದಲ್ಲಿ ಮಳಿಗೆ ಹಾಕಿದ್ದರೆ ಅದರ ಪತ್ರ, ಊರಿನ ಸೊಸೈಟಿಗೆ ಕೊಟ್ಟ ಬಿಲ್ಲು, ಗಿರಾಕಿಗಳು ಹಣ ಕಳಿಸಿದ ಬ್ಯಾಂಕ್ ನಮೂದು, ವಾಟ್ಸ್‌ಆ್ಯಪ್‌ನಲ್ಲಿ “ಕೆಳಗಿನಮನೆ ಹಪ್ಪಳ ಐದು ಕಟ್ಟು ಕಳಿಸಿ” ಎಂದು ಬಂದ ಸಂದೇಶ. ಎಲ್ಲವನ್ನೂ ತಾರೀಖಿನ ಸಮೇತ ಒಂದು ಕಡತದಲ್ಲಿಡಿ. ನೀವು ಉಪ್ಪು, ಜೀರಿಗೆ ಡಬ್ಬಿಗಳ ಹಿಂದೆ ಸುರುಳಿ ಸುತ್ತಿಟ್ಟಿರುವ ಹಳೆಯ ಚೀಟಿಗಳಿಗೆ ಪರವಾನಗಿಗಿಂತ ಹೆಚ್ಚು ಬೆಲೆಯಿದೆ.

ಮೂರನೆಯದು ಲೇಬಲ್. ಪೊಟ್ಟಣ ಕಟ್ಟಿ ಮಾರುವಾಗ ತಯಾರಕರ ಹೆಸರು, ಪೂರ್ತಿ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು ಮತ್ತು ವರ್ಷ, ದೂರು ಹೇಳಲು ಫೋನ್ ಸಂಖ್ಯೆ, ಪದಾರ್ಥಗಳ ಪಟ್ಟಿ, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ, ಇವೆಲ್ಲ ಬೇಕು. ನಿಮ್ಮ ಅತ್ತೆಗೆ ಫೋನ್ ಮಾಡಿದವರು ನೋಡದೆ ಹೋದದ್ದು ಇದನ್ನೇ. ಹಳ್ಳಿಯ ಹೆಸರು, ತಾಲ್ಲೂಕು, ಪಿನ್ ಕೋಡ್ ದಪ್ಪ ಅಕ್ಷರದಲ್ಲಿ ಮುಂಭಾಗಕ್ಕೇ ಬರಲಿ. ಅತ್ತೆಯವರು ಒಪ್ಪಿದರೆ ಅವರ ಸಹಿಯನ್ನೂ ಹಾಕಿ. ಭಾವನ ಹಪ್ಪಳವೂ ನಿಮ್ಮ ಹಪ್ಪಳವೂ ಒಂದೇ ಎಂಬ ಭ್ರಮೆ ಅರ್ಧಕ್ಕರ್ಧ ಅಲ್ಲಿಯೇ ಹೋಗುತ್ತದೆ.

ಭಾವನೊಡನೆ ಮಾತಾಡಿ. ಫೋನಿನಲ್ಲಿ ಬೇಡ, ಎದುರಿಗೆ. ಅವರು ಬೇರೆ ಕಡೆಯ ಹಪ್ಪಳವನ್ನು ಮನೆತನದ ಹೆಸರಿನ ಕೆಳಗೆ ಮಾರುತ್ತಿರುವುದು ಕೆಟ್ಟ ಬುದ್ಧಿಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಅಂಗಡಿಗೆ ಬಂದವರು ಕೇಳಿದರು, ಅವರು ತರಿಸಿಟ್ಟರು. ನಿಮ್ಮದೇ ಹಪ್ಪಳವನ್ನು ಅವರ ಅಂಗಡಿಗೆ ಕೊಡಬಹುದಲ್ಲ?

ಹಲಸಿನಮರ (ಶಿರಸಿ)

ಬೇಲೇಕೇರಿ ಅಣ್ಣನವರಿಗೂ ಅಚ್ಚುಮೊಳೆ ಅಣ್ಣನವರಿಗೂ ತುಂಬಾ ಉಪಕಾರವಾಯಿತು. ಆ 15,000ದವರಿಗೆ ಬೇಡ ಎಂದು ಹೇಳಿಬಿಟ್ಟೆವು. ಅತ್ತೆಯ ಕಪಾಟಿನಲ್ಲಿ ಹುಡುಕಿದರೆ ಕೊರಿಯರ್ ಚೀಟಿಗಳ ಕಟ್ಟೇ ಸಿಕ್ಕಿತು. ಮಾವನವರು ಎಲ್ಲದರ ಹಿಂದೆಯೂ ಎಷ್ಟು ಹಪ್ಪಳ, ಯಾರಿಗೆ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ.

ಹಾಗಾದರೆ ಹೆಸರಿಗೆ ನಿಜವಾದ ರಕ್ಷಣೆ ಕೊಡುವುದು, ಹೆಸರನ್ನು ನಮ್ಮ ಸರಕಿನ ಗುರುತಾಗಿ ನೋಂದಾಯಿಸುವ ಟ್ರೇಡ್‌ಮಾರ್ಕ್ ಒಂದೇ ಏನು? ಭಾವ ಮತ್ತು ನಾವು ಸೇರಿ ಒಂದೇ ಟ್ರೇಡ್‌ಮಾರ್ಕ್ ಮಾಡಿಸಬಹುದೇ?

ಕೋಡಿಬಾಗ (ಕಾರವಾರ)

ತೆರಿಗೆ ಮತ್ತು ನೋಂದಣಿ ಕೆಲಸ ಮಾಡುವವನು ನಾನು. ನಿಮ್ಮ ಕೊನೆಯ ಪ್ರಶ್ನೆ ಬಹಳ ಮುಖ್ಯ, ಅದಕ್ಕೆ ಬರುವ ಮುಂಚೆ ಹೆಸರಿನ ಹಕ್ಕು ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ.

ಒಬ್ಬರೇ ನಡೆಸುವ ವ್ಯಾಪಾರದ ಹೆಸರಿಗೆಂದು ನಮ್ಮಲ್ಲಿ ಪ್ರತ್ಯೇಕ ನೋಂದಣಿ ಪುಸ್ತಕ ಇಲ್ಲ. ಕಂಪನಿಗಾದರೆ ಇದೆ. ಪಾಲುದಾರಿಕೆಯಾದರೆ 1932ರ ಕಾಯ್ದೆಯಡಿ ಸಂಸ್ಥೆಯನ್ನು ನೋಂದಾಯಿಸಬಹುದು. ನೋಂದಾಯಿಸದ ಪಾಲುದಾರಿಕೆಗೆ ಹೊರಗಿನವರ ಮೇಲೆ ಕರಾರಿನ ದಾವೆ ಹೂಡಲು ಅಡ್ಡಿಯಿದೆ. ಆದರೆ ಆ ನೋಂದಣಿಯಿಂದಲೂ ಹೆಸರು ನಿಮ್ಮೊಬ್ಬರದೇ ಆಗುವುದಿಲ್ಲ.

ಹೆಸರಿನ ಹಕ್ಕು ಬರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಿಂದ, ಹಾಗೂ ನೀವು ಆ ಹೆಸರನ್ನು ನಿಜವಾಗಿ ಬಳಸಿ ಗಳಿಸಿದ ಹೆಸರುವಾಸಿಯಿಂದ. ಈ ಎರಡನೆಯದು ನೋಂದಣಿ ಇಲ್ಲದಿದ್ದರೂ ನಿಲ್ಲುತ್ತದೆ. ತಮ್ಮ ಸರಕನ್ನು ನಿಮ್ಮದೆಂದು ನಂಬಿಸಿ ಮಾರುವವರ ಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನು, ಆಮೇಲೆ ನೋಂದಾಯಿಸಿಕೊಂಡವರು ಕಿತ್ತುಕೊಳ್ಳಲಾಗದು, ಅದು 34ನೇ ಕಲಂನಲ್ಲಿದೆ. ಮಾವನವರು ಬರೆದಿಟ್ಟ ಆ ಚೀಟಿಗಳನ್ನು ಜೋಪಾನ ಮಾಡಿ. ‘ಇಂತಹ ದಿನದಿಂದ ಬಳಸುತ್ತಿದ್ದೇವೆ’ ಎಂದು ಅರ್ಜಿಯಲ್ಲಿ ಹೇಳಿದರೆ ಪುರಾವೆ ಸಹಿತ ಅಫಿಡವಿಟ್ ಕೊಡಬೇಕಾಗುತ್ತದೆ.

ಈಗ ಜಂಟಿ ನೋಂದಣಿ. ನೀವಿಬ್ಬರೂ ಬೇರೆ ಬೇರೆ ವ್ಯಾಪಾರ ಮಾಡುತ್ತ ಒಂದೇ ಗುರುತಿಗೆ ಜಂಟಿ ಒಡೆಯರಾಗಲು 24ನೇ ಕಲಂ ಬಿಡುವುದಿಲ್ಲ. ಇಬ್ಬರ ಪರವಾಗಿಯೂ ಒಟ್ಟಾಗಿ ಬಳಸುವ ಹೆಸರಾದರೆ ಮಾತ್ರ ಜಂಟಿ ಒಡೆತನ. ಹಾಗಾಗಿ ನಿಮಗೆ ಉಳಿಯುವ ದಾರಿಗಳಲ್ಲಿ ಒಂದು, ಹಪ್ಪಳ ಮತ್ತು ಉಪ್ಪಿನಕಾಯಿಗೆ ಅತ್ತೆಯವರ ಹೆಸರಿನಲ್ಲಿ ನೋಂದಾಯಿಸಿ, ಭಾವನಿಗೆ ಅಂಗಡಿಯ ಹೆಸರಾಗಿ ಬಳಸಲು ಬರಹದಲ್ಲಿ ಅನುಮತಿ ಕೊಡುವುದು. ಇನ್ನೊಂದು, ಇಬ್ಬರೂ ಪಾಲುದಾರಿಕೆ ಮಾಡಿಕೊಂಡು ಸಂಸ್ಥೆಯ ಹೆಸರಿನಲ್ಲೇ ಅರ್ಜಿ ಹಾಕುವುದು. ಇಬ್ಬರೂ ಪ್ರಾಮಾಣಿಕವಾಗಿ ಬಹಳ ಕಾಲದಿಂದ ಬಳಸುತ್ತಿದ್ದರೆ ಇಬ್ಬರಿಗೂ ಪ್ರತ್ಯೇಕ ನೋಂದಣಿ ಕೊಡುವ ಅಧಿಕಾರ ರಿಜಿಸ್ಟ್ರಾರ್ ಅವರಿಗೆ 12ನೇ ಕಲಂನಲ್ಲಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ನನ್ನ ಸಲಹೆ ಮೊದಲನೆಯದು.

‘ಕೆಳಗಿನಮನೆ’ ಎಂಬುದು ಹಪ್ಪಳದ ಗುಣವನ್ನು ಹೇಳುವ ಹೆಸರಲ್ಲ, ಅದು ನಿಮಗೆ ಅನುಕೂಲ. ‘ಶಿರಸಿ ಹಪ್ಪಳ’ ಎಂದಿದ್ದರೆ ನೋಂದಣಿ ಬಹಳ ಕಷ್ಟವಾಗುತ್ತಿತ್ತು. ಊರಿನ ಹೆಸರು ಊರಿನವರೆಲ್ಲರದು. 2019ರಲ್ಲಿ ಶಿರಸಿ ಸುಪಾರಿಗೂ 2023ರಲ್ಲಿ ಅಂಕೋಲೆಯ ಕರಿ ಇಶಾಡ್ ಮಾವಿಗೂ ಸಿಕ್ಕಿದ್ದು, ಸರಕು ಆ ಊರಿನದೆಂದು ಹೇಳುವ ಭೌಗೋಳಿಕ ಸೂಚಕ (ಜಿಐ), ಅದು ಬೇರೆಯೇ ಕಾಯ್ದೆ. ಆದ್ದರಿಂದ ಊರಿನ ಹೆಸರಿಡಿ ಎಂಬ ಸಲಹೆಯನ್ನು ಬಿಟ್ಟುಬಿಡಿ.

ಅರ್ಜಿ ಹಾಕುವ ಮುಂಚೆ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ. ಸರಕುಗಳನ್ನು ಅಲ್ಲಿ ವರ್ಗಗಳಾಗಿ ವಿಂಗಡಿಸಿರುತ್ತಾರೆ: ಹಪ್ಪಳಕ್ಕೆ 30ನೇ ವರ್ಗ, ಉಪ್ಪಿನಕಾಯಿಗೆ 29. ಹಲಸಿನದಾದ್ದರಿಂದ ಎರಡರಲ್ಲೂ ನೋಡುವುದು ಒಳ್ಳೆಯದು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಪರಿಶೀಲನೆ ಮುಗಿದ ಮೇಲೆ ಟ್ರೇಡ್‌ಮಾರ್ಕ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ನಾಲ್ಕು ತಿಂಗಳ ಅವಕಾಶ. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ಅರ್ಜಿ ಸಾರ್ವಜನಿಕವಾದ ಕೂಡಲೇ ನಿಮ್ಮ ಮೊಬೈಲಿಗೆ, ಇಮೇಲಿಗೆ “ಇಷ್ಟು ಹಣ ಕಟ್ಟಿ, ಇಲ್ಲದಿದ್ದರೆ ರದ್ದಾಗುತ್ತದೆ” ಎಂಬ ಸಂದೇಶಗಳು ಬರುತ್ತವೆ. ಒಂದಕ್ಕೂ ಹಣ ಹಾಕಬೇಡಿ, ಅರ್ಜಿ ಸಂಖ್ಯೆ ಹಾಕಿ ಅಧಿಕೃತ ತಾಣದಲ್ಲೇ ಸ್ಥಿತಿ ನೋಡಿ. ಉದ್ಯಮ್ ನೋಂದಣಿಯೂ ಸಂಪೂರ್ಣ ಉಚಿತ, ಹಣ ಕೇಳುವ ತಾಣ ಸರ್ಕಾರದ್ದಲ್ಲ.

ಬ್ಯಾಂಕಿನಲ್ಲಿ ಸಂಸ್ಥೆಯ ಹೆಸರಿನ ಚಾಲ್ತಿ ಖಾತೆಗೆ ಸಾಮಾನ್ಯವಾಗಿ ವ್ಯಾಪಾರದ ಎರಡು ದಾಖಲೆ ಕೇಳುತ್ತಾರೆ. ನಗರಸಭೆಯ ಪರವಾನಗಿ ಮತ್ತು ಉದ್ಯಮ್ ಪ್ರಮಾಣಪತ್ರ ಸಾಕಾಗುತ್ತವೆ. ಪರವಾನಗಿ ಕಾಗದ ಹೆಸರಿನ ವಿಷಯದಲ್ಲಿ ಕೆಲಸಕ್ಕೆ ಬರುವುದು ಇಲ್ಲಿ. ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಗಡಿ ಜಿಲ್ಲೆಯವರು ನಾವು, ಹೇಳಿಬಿಡುತ್ತೇನೆ. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ರಾಜ್ಯದೊಳಗೇ ಮಾರುವವರಿಗೆ ವಾರ್ಷಿಕ 40 ಲಕ್ಷದವರೆಗೆ ನೋಂದಣಿ ಬೇಡ. ಉಪ್ಪಿನಕಾಯಿಯನ್ನು ಗೋವಾದ ಗಿರಾಕಿಗೆ ಕಳಿಸಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಮಾರಾಟಕ್ಕೂ ನೋಂದಣಿ ಬೇಕಾಗುತ್ತದೆ.

ಹಲಸಿನಮರ (ಶಿರಸಿ)

ಭಾನುವಾರ ಯಜಮಾನರು, ಅತ್ತೆ, ನಾನು ಮೂವರೂ ಕುಮಟೆಗೆ ಹೋಗಿದ್ದೆವು. ಅತ್ತೆ ಹಪ್ಪಳದ ಒಂದು ಕಟ್ಟು ಹಿಡಿದುಕೊಂಡೇ ಬಂದರು. ಭಾವನ ಮನೆಯ ಅಕ್ಕ ಅದನ್ನು ಅಲ್ಲೇ ಕರಿದರು. ಭಾವ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, “ಅಂಗಡಿಯಲ್ಲಿ ಇದನ್ನೇ ಇಡುತ್ತೇನೆ, ಆದರೆ ಮಳೆಗಾಲದಲ್ಲಿ ಮೆತ್ತಗಾಗದಂತೆ ಪೊಟ್ಟಣ ಮಾಡಿಕೊಡಿ” ಎಂದರು. ಹೆಸರು ಅತ್ತೆಯವರ ಹೆಸರಿನಲ್ಲಿ ನೋಂದಾಯಿಸುವುದಕ್ಕೂ ಒಪ್ಪಿದ್ದಾರೆ. ಆದರೆ ತಮ್ಮ ಅಂಗಡಿಯ ಬೋರ್ಡು ಇಳಿಸುವಂತಾಗಬಾರದು ಎಂದು ಕೇಳಿದರು. ಅದು ನ್ಯಾಯವೇ. ಅನುಮತಿ ಪತ್ರದಲ್ಲಿ ಏನೇನು ಬರೆಯಬೇಕು? ಬೋರ್ಡಿನ ನಿಯಮವನ್ನೂ ಹೇಳಿ, ನಮ್ಮದೂ ಈಗಲೇ ಬರೆಸಬೇಕು.

ಕೋಡಿಬಾಗ (ಕಾರವಾರ)

ಪತ್ರದಲ್ಲಿ ಇಷ್ಟಿರಲಿ: ಹೆಸರಿನ ಒಡೆಯರು ಯಾರು, ಭಾವ ಅದನ್ನು ಕುಮಟೆಯ ಯಾವ ವಿಳಾಸದ ಅಂಗಡಿಗೆ ಬಳಸಬಹುದು, ಹಪ್ಪಳ ಮತ್ತು ಉಪ್ಪಿನಕಾಯಿಯ ಪೊಟ್ಟಣದ ಮೇಲೆ ನಿಮ್ಮಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು, ಅವರ ಮಕ್ಕಳು ಅಂಗಡಿ ಮುಂದುವರಿಸಿದರೆ ಅನುಮತಿ ಮುಂದುವರಿಯುತ್ತದೆಯೇ, ಅತ್ತೆಯವರ ನಂತರ ಹೆಸರು ಯಾರಿಗೆ. ಕೊನೆಯ ಎರಡನ್ನು ಬರೆಯಲು ಮನೆಯವರು ಸಂಕೋಚ ಪಡುತ್ತಾರೆ. ಸಂಕೋಚ ಬೇಡ, ಮುಂದಿನ ತಲೆಮಾರಿನಲ್ಲಿ ಜಗಳ ಹುಟ್ಟುವುದು ಅಲ್ಲಿಯೇ. ಛಾಪಾ ಕಾಗದದ ಮೇಲೆ ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ವಕೀಲರಿಗೊಮ್ಮೆ ತೋರಿಸಿ.

ಅಚ್ಚುಮೊಳೆ (ಕುಮಟಾ)

ಓದಿ ಮನಸ್ಸು ತುಂಬಿತು ತಂಗೀ.

ಬೋರ್ಡಿನಲ್ಲಿ ಕನ್ನಡ 60 ಪ್ರತಿಶತಕ್ಕೆ ಕಡಿಮೆ ಇರಬಾರದು, ಕನ್ನಡ ಮೇಲ್ಭಾಗದಲ್ಲೇ ಬರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಮೇಲೆ ಇದು ಕಾನೂನು. ನಿಮ್ಮ ಹೆಸರು ಹೇಗೂ ಕನ್ನಡದ್ದೇ, ಪೂರ್ತಿ ಕನ್ನಡದಲ್ಲಿ ಬರೆಸಿದರೆ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷ್ ಬೇಕೆಂದರೆ ಕೆಳಗೆ ಸಣ್ಣದಾಗಿ, ಆ ಬಿಳಿ ಹಾಳೆಯಲ್ಲಿರುವ ಕಾಗುಣಿತದಲ್ಲೇ. ಭಾವನವರ ಬೋರ್ಡಿನ ಕೆಳಗೆ ‘ಇಲ್ಲಿ ಕೆಳಗಿನಮನೆ ಗೃಹೋದ್ಯಮದ ಹಪ್ಪಳ ದೊರೆಯುತ್ತದೆ’ ಎಂಬ ಸಾಲೊಂದನ್ನು ಸೇರಿಸಲು ಹೇಳಿ. ಪೊಟ್ಟಣಕ್ಕೆ ತೆಳು ಪ್ಲಾಸ್ಟಿಕ್ ಬೇಡ, ಕರಾವಳಿಯ ಜೂನ್ ತಿಂಗಳಿಗೆ ಅದು ತಡೆಯುವುದಿಲ್ಲ. ಎರಡು ಪದರದ ಚೀಲದ ಮಾದರಿ ನನ್ನಲ್ಲಿದೆ. ಆಹಾರ ಸುರಕ್ಷತೆಯ ಸಂಖ್ಯೆ ಬಂದ ಮೇಲೆ ಲೇಬಲ್ಲಿಗೆ ಬನ್ನಿ, ಅದಕ್ಕಿಂತ ಮುಂಚೆ ಅಚ್ಚು ಹಾಕಿಸಿದರೆ ಎಲ್ಲವನ್ನೂ ಮತ್ತೆ ಹಾಕಿಸಬೇಕಾಗುತ್ತದೆ.